ಕನ್ನಡಿಗರ ಉಡಿಗೆ-ತೊಡಿಗೆಗಳು

ಅರಸುಮನೆತನಗಳ ವಂಶಾವಳಿ, ಕಾಳಗಗಳ ತಿಥಿ, ದೇವಾಲಯಗಳ ಶಿಲ್ಪ ಇವುಗಳ ಬಗೆಗೆ ಕನ್ನಡದಲ್ಲಿ ಸಾಕಷ್ಟು ಗ್ರಂಥಗಳು ಹುಟ್ಟಿವೆ. ಆದರೆ ಆ ಅರಸನ ಕುದುರೆಗೆ ಮೇವು ಹಾಕಿದವನು ಏನನ್ನು ಉಟ್ಟಿದ್ದನು, ಆ ದೇವಾಲಯಕ್ಕೆ ಕಲ್ಲು ಹೊತ್ತ ಹೆಂಗಸಿನ ಸೆರಗು ಎಂಥದಿತ್ತು ಎಂಬ ಪ್ರಶ್ನೆಗೆ ಉತ್ತರವನ್ನು ಹುಡುಕಿದವರು ವಿರಳ. ಇದಕ್ಕೆ ಕಾರಣವೂ ಉಂಟು. ಬಟ್ಟೆಯು ಕಲ್ಲಿನಂತೆ ನಿಲ್ಲತಕ್ಕ ವಸ್ತುವಲ್ಲ. ಉಟ್ಟು ಹರಿದ ಸೀರೆಯು ಕೌದಿಯ ಒಡಲನ್ನು ಸೇರುವದು. ಕೌದಿಯು ಸವೆದ ಮೇಲೆ ಒರಸುವ ಅರಿವೆಯಾಗುವದು. ಕಡೆಗೆ ಮಣ್ಣಾಗಿ ಹೋಗುವದು. ಬಡವರ ಮನೆಯಲ್ಲಂತೂ ಬಟ್ಟೆಯು ಮ್ಯೂಜಿಯಮ್ಮಿಗೆ ಸೇರುವಷ್ಟು ಕಾಲ ಎಂದೂ ಉಳಿದಿಲ್ಲ. ಆದುದರಿಂದ ಈ ಇತಿಹಾಸವನ್ನು ಶಿಲ್ಪಗಳಿಂದ, ಶಾಸನಗಳಿಂದ, ಪರದೇಶದ ಪ್ರವಾಸಿಗಳ ಬರೆಹಗಳಿಂದ, ಎಲ್ಲಕ್ಕಿಂತ ಹೆಚ್ಚಾಗಿ ಜನರ ಬಾಯಲ್ಲಿ ಇಂದಿಗೂ ಬದುಕಿರುವ ಶಬ್ದಗಳಿಂದ ಕೂಡಿಸಿಕೊಳ್ಳಬೇಕಾಗುತ್ತದೆ.

ಮೊದಲು ಶಬ್ದಗಳನ್ನೇ ನೋಡಬಹುದು. ‘ಉಡಿಗೆ-ತೊಡಿಗೆ’ ಎಂದು ಕನ್ನಡಿಗರು ಜೋಡಿಯಾಗಿ ಹೇಳುವದು ಬರಿಯ ಪ್ರಾಸಕ್ಕಾಗಿ ಅಲ್ಲ. ಧೋತರವನ್ನು ಉಡುವರು, ಸೀರೆಯನ್ನು ಉಡುವರು, ಅಂಗಿಯನ್ನು ತೊಡುವರು, ಕುಪ್ಪಸವನ್ನು ತೊಡುವರು, ಕಂಬಳಿಯನ್ನು ಹೊದೆಯುವರು, ರುಮಾಲನ್ನು ಸುತ್ತುವರು. ಸೀರೆಯನ್ನು ತೊಟ್ಟಳೆಂದು ಯಾವ ಕನ್ನಡಿಗನೂ ಅನ್ನಲಾರನು. ಮೈಗೆ ಸುತ್ತಿಕೊಳ್ಳುವ ಅಖಂಡ ವಸ್ತ್ರಕ್ಕೆ ಒಂದು ಕ್ರಿಯಾಪದ, ಕತ್ತರಿಸಿ ಹೊಲಿದು ಮೈಯೊಳಗೆ ತೂರಿಸಿಕೊಳ್ಳುವ ವಸ್ತ್ರಕ್ಕೆ ಇನ್ನೊಂದು ಕ್ರಿಯಾಪದ. ಈ ಭೇದವು ಭಾಷೆಯಲ್ಲಿ ಇಷ್ಟು ಆಳವಾಗಿ ಬೇರೂರಬೇಕಾದರೆ ಎರಡು ತರದ ವಸ್ತ್ರಗಳೂ ನಾಡಿನಲ್ಲಿ ಬಹು ಹಿಂದಿನಿಂದ ಬಳಕೆಯಲ್ಲಿದ್ದಿರಲೇಬೇಕು. ಈಚೆಗೆ ಬಂದ ಶರ್ಟು, ಪ್ಯಾಂಟುಗಳಿಗೆ ಮಾತ್ರ ಜನರು ‘ಹಾಕಿಕೊಳ್ಳುವದು’ ಎಂಬ ಸಾಧಾರಣ ಮಾತನ್ನು ಬಳಸುತ್ತಾರೆ. ಹೊಸ ಬಟ್ಟೆಗೆ ಹಳೆಯ ಕ್ರಿಯಾಪದವು ಒಗ್ಗಲಿಲ್ಲವೆಂದೇ ಇದರ ಅರ್ಥ.

ಹೊಲಿದ ಬಟ್ಟೆಯು ಮುಸಲ್ಮಾನರೊಡನೆ ದಕ್ಷಿಣಕ್ಕೆ ಬಂದಿತು, ಅದಕ್ಕೂ ಮೊದಲು ಇಲ್ಲಿಯವರಿಗೆ ಸೂಜಿಯ ಕೆಲಸವೇ ಗೊತ್ತಿರಲಿಲ್ಲ ಎಂದು ಕೆಲವರು ಹೇಳುವದುಂಟು. ಈ ಮಾತು ನಿಲ್ಲಲಾರದು. ‘ಹೊಲಿ’ ಎಂಬುದು ಅಚ್ಚಗನ್ನಡದ ಧಾತು. ಹೊಲಿಯುವವನಿಗೆ ‘ದರ್ಜಿ’ ಎಂಬ ಪಾರಸೀ ಹೆಸರು ಬರುವದಕ್ಕಿಂತ ಮುಂಚೆ ‘ಚಿಪ್ಪಿಗ’ನೆಂಬ ಹೆಸರು ಇದ್ದಿತು, ಸಿಂಪಿಗರೆಂದು ಇಂದಿಗೂ ಒಂದು ಸಮಾಜವೇ ಇದೆ. ಕುಪ್ಪಸವೆಂಬ ಮಾತು ಸಂಸ್ಕೃತದ ‘ಕೂರ್ಪಾಸ’ದಿಂದ ಬಂದುದು. ಇವೆಲ್ಲಕ್ಕಿಂತ ಬಲವಾದ ಸಾಕ್ಷಿಯು ಹನ್ನೆರಡನೆಯ ಶತಮಾನದ ಶರಣರದು. ವಚನಕಾರರ ಮಾಲಿಕೆಯಲ್ಲಿ ಸೂಜಿಕಾಯಕದ ರಾಮಿತಂದೆಯವರ ಹೆಸರಿದೆ. ಸೂಜಿಯಿಂದ ಹೊಟ್ಟೆ ಹೊರೆದು ದಾಸೋಹವನ್ನೂ ಮಾಡುವಷ್ಟು ಕೆಲಸವು ಆ ಕಾಲದ ಊರುಗಳಲ್ಲಿ ಇದ್ದಿತೆಂಬುದು ಆ ಹೆಸರೊಂದರಿಂದಲೇ ತಿಳಿಯುವದು.

ಶಿಲ್ಪಗಳ ಸಾಕ್ಷಿಯನ್ನು ಮಾತ್ರ ಎಚ್ಚರದಿಂದ ನೋಡಬೇಕು. ಬಾದಾಮಿಯ ಮೂರನೆಯ ಗುಹೆಯು ಕ್ರಿ. ಶ. ೫೭೮ರಲ್ಲಿ ಮಂಗಲೇಶನಿಂದ ಪೂರ್ಣಗೊಂಡುದು. ಅಲ್ಲಿಯ ಕಂಬಗಳ ತಲೆಯಲ್ಲಿರುವ ಸ್ತ್ರೀಪುರುಷರ ಮೂರ್ತಿಗಳಲ್ಲಿ ನಡುವಿನಿಂದ ಕೆಳಗೆ ಮಾತ್ರ ವಸ್ತ್ರವಿದೆ. ಅದೂ ಗೆರೆಗೆರೆಯಾಗಿ ತೋರುವಷ್ಟು ತೆಳ್ಳಗಿನದು. ಬೇಲೂರಿನಲ್ಲಿ ಕೋತಿಯೊಂದು ಸುಂದರಿಯ ಸೀರೆಯನ್ನು ಜಗ್ಗುತ್ತಿರುವ ಮದನಿಕೆಯನ್ನು ಕಂಡವರು ಬಹಳ. ಇದನ್ನು ಕಂಡು ಹಿಂದಿನ ಹೆಂಗಸರಿಗೆಲ್ಲ ಮೇಲುವಸ್ತ್ರವಿರಲಿಲ್ಲವೆಂದು ನಿರ್ಣಯಿಸುವದು ಅವಸರದ ಮಾತಾದೀತು. ಶಿಲ್ಪಿಯು ದೇವಲೋಕದ ಚೆಲುವನ್ನು ತೋರಿಸಹೊರಟವನು, ಸಂತೆಗೆ ಹೋಗುವ ಒಕ್ಕಲಗಿತ್ತಿಯ ಚಿತ್ರವನ್ನು ಬರೆಯಹೊರಟವನಲ್ಲ. ಅಜಂತೆಯ ಒಂದನೆಯ ಗುಹೆಯ ಚಿತ್ರದಲ್ಲಿ ಟೊಪ್ಪಿಗೆ, ಹೊಲಿದ ಅಂಗಿಗಳನ್ನು ತೊಟ್ಟ ಪರದೇಶಿಗಳು ಅರಸನೊಬ್ಬನ ಮುಂದೆ ನಿಂತಿದ್ದಾರೆ. ಅದು ಇಮ್ಮಡಿ ಪುಲಕೇಶಿಯ ಸಭೆಗೆ ಬಂದ ಇರಾಣದ ರಾಯಭಾರವೆಂದು ಬಹುಕಾಲ ನಂಬಲಾಗಿತ್ತು. ಈಚಿನ ಅನೇಕ ವಿದ್ವಾಂಸರು ಅದನ್ನು ಒಪ್ಪುವದಿಲ್ಲ. ಯಾರ ಸಭೆಯಾದರೇನು, ಹೊಲಿದ ಅಂಗಿಯವರನ್ನೂ ಸುತ್ತಿದ ವಸ್ತ್ರದವರನ್ನೂ ಒಂದೇ ಚಾವಡಿಯಲ್ಲಿ ಕಂಡ ಚಿತ್ರಕಾರನು ದಖ್ಖಣದಲ್ಲಿದ್ದನೆಂಬುದಂತೂ ದಿಟ.

ಬಟ್ಟೆಯ ವಿಷಯದಲ್ಲಿ ಶರಣರ ಕಾಲಕ್ಕೆ ಇರುವ ಮಹತ್ವವು ಬೇರೊಂದು ತರದ್ದು. ಅದಕ್ಕೂ ಮೊದಲಿನ ಗ್ರಂಥಗಳಲ್ಲಿ ಬಟ್ಟೆಯನ್ನು ಉಟ್ಟವರ ವರ್ಣನೆಯಿದೆ. ಶರಣರ ಸಾಹಿತ್ಯದಲ್ಲಿ ಬಟ್ಟೆಯನ್ನು ಮಾಡಿದವರೇ ಮಾತನಾಡಿದ್ದಾರೆ. ನೂಲು ತೆಗೆಯುವ ಕದಿರ ರೆಮ್ಮವ್ವೆ, ಕದಿರ ಕಾಯಕದ ಕಾಳವ್ವೆ; ನೆಯ್ಗೆಯ ಜೇಡರ ದಾಸಿಮಯ್ಯನವರು; ಹೊಲಿಯುವ ರಾಮಿತಂದೆಯವರು; ಒಗೆಯುವ ಮಡಿವಾಳ ಮಾಚಿದೇವರು. ಹತ್ತಿಯ ಎಳೆಯು ನೂಲಾಗಿ, ಬಟ್ಟೆಯಾಗಿ, ಅಂಗಿಯಾಗಿ, ಮೈಲಿಗೆಯಾಗಿ ಮತ್ತೆ ಮಡಿಯಾಗುವವರೆಗಿನ ಒಂದೊಂದು ಹಂತದಲ್ಲಿಯೂ ಒಬ್ಬೊಬ್ಬ ಶರಣರು ನಿಂತಿದ್ದಾರೆ. ಇಂಥ ದೃಶ್ಯವು ಬೇರೆ ಸಾಹಿತ್ಯಗಳಲ್ಲಿ ಅಪೂರ್ವವೇ ಸರಿ. ಮುದನೂರಿನ ದಾಸಿಮಯ್ಯನವರೂ ಅವರ ಸತಿ ದುಗ್ಗಳೆಯವರೂ ಬಹುಕಾಲ ಶ್ರಮಿಸಿ ನೆಯ್ದ ವಸ್ತ್ರವನ್ನು ಜಂಗಮನಿಗೆ ಅರ್ಪಿಸಿದರೆಂದೂ, ಆತನು ಅದನ್ನು ಅವರ ಕಣ್ಣೆದುರಿಗೇ ಹರಿದು ಚೂರು ಮಾಡಿದನೆಂದೂ, ದಂಪತಿಗಳ ಮುಖವು ಬಾಡದಿರಲು ತವನಿಧಿಯು ದೊರೆಯಿತೆಂದೂ ಐತಿಹ್ಯವಿದೆ. ಭಕ್ತರು ಇದನ್ನು ಭಕ್ತಿಯ ಪರೀಕ್ಷೆಯೆಂದು ಕೇಳುತ್ತ ಬಂದಿದ್ದಾರೆ. ಇತಿಹಾಸದ ಕಣ್ಣಿಗೆ ಇದರಲ್ಲಿ ಇನ್ನೊಂದು ಸಂಗತಿಯೂ ಕಾಣುವದು: ಮಗ್ಗದಿಂದ ಇಳಿದ ಒಂದು ಒಳ್ಳೆಯ ವಸ್ತ್ರವೆಂದರೆ ಒಂದು ಸಂಸಾರದ ಸರ್ವಸ್ವವೇ ಆಗಿದ್ದ ಕಾಲವದು. ಇಲ್ಲದಿದ್ದರೆ ಪರೀಕ್ಷೆಗೆ ಅರ್ಥವೇ ಇರುತ್ತಿರಲಿಲ್ಲ. ಮಗ್ಗದೆರೆಯೆಂಬ ತೆರಿಗೆಯ ಉಲ್ಲೇಖವು ಶಾಸನಗಳಲ್ಲಿ ಬರುತ್ತದೆ; ಅರಸರೂ ಮಗ್ಗದ ಬೆಲೆಯನ್ನು ಬಲ್ಲವರಾಗಿದ್ದರು.

ಅಕ್ಕಮಹಾದೇವಿಯು ಅರಮನೆಯ ಉಡಿಗೆಯನ್ನು ತೊರೆದು ಕೇಶದಿಂದ ಮೈಯನ್ನು ಮುಚ್ಚಿಕೊಂಡು ಕಲ್ಯಾಣಕ್ಕೆ ಬಂದ ಪ್ರಸಂಗವು ಎಲ್ಲರಿಗೂ ತಿಳಿದುದೇ. ಹದಿನೈದನೆಯ ಶತಮಾನದಲ್ಲಿ ಸಂಕಲಿತವಾದ ‘ಶೂನ್ಯಸಂಪಾದನೆ’ಯಲ್ಲಿ ಅಲ್ಲಮಪ್ರಭುದೇವರು ಆ ಕೇಶದ ಮರೆಯನ್ನು ಕುರಿತೇ ಆಕೆಯನ್ನು ಪ್ರಶ್ನಿಸುತ್ತಾರೆ. ಉಡಿಗೆಯು ಮೈಗೋ ಮನಸ್ಸಿಗೋ ಎಂಬ ಚರ್ಚೆಯು ಕನ್ನಡದಲ್ಲಿ ಇಷ್ಟು ಧೈರ್ಯದಿಂದ ಮತ್ತೆಲ್ಲಿಯೂ ನಡೆದಿಲ್ಲ.

ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಅದೇ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದನು. ಅದರಲ್ಲಿ ಅರಸನ ವಸ್ತ್ರೋಪಭೋಗವೆಂಬ ಭಾಗವೇ ಉಂಟು. ಮೂಲಸ್ಥಾನ, ಕಳಿಂಗ, ವಂಗ, ಸಿಂಹಳದ್ವೀಪ, ಮಹಾಚೀನ ಮುಂತಾದ ಕಡೆಗಳಿಂದ ಬಂದ ಬಟ್ಟೆಗಳ ಹೆಸರುಗಳೂ, ಯಾವ ಋತುವಿಗೆ ಯಾವ ವಸ್ತ್ರವು ತಕ್ಕುದೆಂಬ ವಿಧಿಯೂ ಅಲ್ಲಿವೆ: ಬೇಸಗೆಗೆ ತೆಳುವಾದ ಬಿಳಿಯ ಬಟ್ಟೆ, ಚಳಿಗೆ ಉಣ್ಣೆ. ಅರಸನ ಪೆಟ್ಟಿಗೆಯಲ್ಲಿ ಮುಲ್ತಾನದಿಂದ ಚೀನದವರೆಗಿನ ಬಟ್ಟೆ; ಊರ ಕೇರಿಯಲ್ಲಿ ರೆಮ್ಮವ್ವೆಯ ಕದಿರಿನ ನೂಲು.

ವಿಜಯನಗರದ ಕಾಲಕ್ಕೆ ಬಂದರೆ ಸಾಕ್ಷಿಗಳು ಒಮ್ಮೆಲೆ ಹೆಚ್ಚುವವು. ೧೪೪೩ರಲ್ಲಿ ಬಂದ ಅಬ್ದುರ್ ರಜಾಕನು ಇಮ್ಮಡಿ ದೇವರಾಯನು ಸ್ಯಾಟಿನ್ನಿನ ನಿಲುವಂಗಿಯನ್ನು ತೊಟ್ಟು ಕುಳಿತುದನ್ನು ಕಂಡನು. ಹದಿನಾರನೆಯ ಶತಮಾನದ ಮೊದಲಿಗೆ ಬಂದ ಇಟಲಿಯ ವಾರ್ಥೇಮನು, ಸ್ಥಿತಿವಂತರು ಗಿಡ್ಡ ಅಂಗಿಯನ್ನು ತೊಟ್ಟು ತಲೆಗೆ ಜರಿಯ ಇಲ್ಲವೆ ರೇಶಿಮೆಯ ವಸ್ತ್ರವನ್ನು ಸುತ್ತುವರೆಂದೂ, ಸಾಮಾನ್ಯ ಜನರು ನಡುವಿಗೆ ಒಂದು ತುಂಡು ಬಟ್ಟೆಯನ್ನಲ್ಲದೆ ಬೇರೇನನ್ನೂ ಉಡುವದಿಲ್ಲವೆಂದೂ ಬರೆದನು. ಸುಮಾರು ೧೫೨೦ರ ಹೊತ್ತಿಗೆ ಕೃಷ್ಣದೇವರಾಯನನ್ನು ಹತ್ತಿರದಿಂದ ಕಂಡ ಪೋರ್ತುಗೀಜ ಪಾಯೆಸನು, ರಾಯನು ಬಂಗಾರದ ಎಳೆಯಿಂದ ಗುಲಾಬಿ ಹೂಗಳನ್ನು ಕಸೂತಿ ಹಾಕಿದ ಬಿಳಿಯ ಉಡಿಗೆಯಲ್ಲಿದ್ದನೆಂದೂ, ತಲೆಯ ಮೇಲೆ ಜರಿಯ ಉದ್ದನೆಯ ಟೊಪ್ಪಿಗೆಯಿತ್ತೆಂದೂ, ಕಾಲುಗಳು ಬರಿಗಾಲಾಗಿದ್ದುವೆಂದೂ ಹೇಳುತ್ತಾನೆ. ಮುಂದೆ ಸ್ವಲ್ಪ ಕಾಲಕ್ಕೆ ಬರೆದ ನೂನಿಜನು, ಅರಸನು ಒಮ್ಮೆ ತೊಟ್ಟ ಬಟ್ಟೆಯನ್ನು ಎರಡನೆಯ ಸಲ ಮುಟ್ಟುವದಿಲ್ಲವೆಂದು ಬರೆದನು. ರಾಬರ್ಟ್ ಸಿವೆಲ್ಲರು ೧೯೦೦ರಲ್ಲಿ ಪಾಯೆಸ, ನೂನಿಜರ ಬರೆಹಗಳನ್ನು ಇಂಗ್ಲೀಷಿಗೆ ಇಳಿಸಿದ ಮೇಲೆ ವಿಜಯನಗರದ ವೈಭವವೆಂದರೆ ಈ ಉಡಿಗೆಯ ವರ್ಣನೆಗಳನ್ನೇ ಜನರು ಎತ್ತಿ ಹೇಳತೊಡಗಿದರು. ವಾರ್ಥೇಮನು ಬರೆದ ನಡುವಿನ ತುಂಡು ಬಟ್ಟೆಯ ಮಾತನ್ನು ಮಾತ್ರ ಯಾರೂ ಎತ್ತುವದಿಲ್ಲ. ಒಂದೇ ಊರಿನಲ್ಲಿ ದಿನಕ್ಕೊಂದು ಅಂಗಿಯ ಅರಸ, ವರ್ಷಕ್ಕೊಂದು ತುಂಡು ಬಟ್ಟೆಯೂ ಕಷ್ಟವಾದ ಆಳು! ಎರಡೂ ಕೂಡಿದರೇ ವಿಜಯನಗರದ ಚಿತ್ರವು ಪೂರ್ಣವಾಗುವದು.

ಆ ಉದ್ದನೆಯ ಟೊಪ್ಪಿಗೆಯ ಕಥೆಯು ಸ್ವಾರಸ್ಯವುಳ್ಳದ್ದು. ನೂನಿಜನ ಬರೆಹದಲ್ಲಿ ಅದರ ಹೆಸರೂ ಬಂದಿದೆ, ಅದೇ ಕುಲ್ಲಾಯಿ. ಪಾರಸಿಯ ‘ಕುಲಾಹ’ ಶಬ್ದದಿಂದ ಹುಟ್ಟಿದ ಮಾತಿದು. ಹಾಗೆಯೇ ನಿಲುವಂಗಿಗೆ ‘ಕಬಾಯಿ’ಯೆಂಬ ಹೆಸರು ಅರಬಿಯ ‘ಕಬಾ’ದಿಂದ ಬಂದಿತು. ವಿಜಯನಗರದ ಅರಸರೂ ದಂಡನಾಯಕರೂ ತಮಗೆ ಎದುರಾಳಿಗಳಾದ ಸುಲ್ತಾನರ ಸಭೆಯ ಉಡಿಗೆಯನ್ನೇ ತಮ್ಮ ಸಭೆಗೂ ತಂದುಕೊಂಡಿದ್ದರು. ಅಮೇರಿಕೆಯ ವಿದ್ವಾಂಸರಾದ ಫಿಲಿಪ್ ವ್ಯಾಗೊನರರು ೧೯೯೬ರಲ್ಲಿ ಈ ವಿಷಯವನ್ನು ವಿಸ್ತಾರವಾಗಿ ನಿರೂಪಿಸಿದರು. ಲೇಪಾಕ್ಷಿಯ ಚಾವಣಿಯ ಚಿತ್ರಗಳಲ್ಲಿ ವಿಜಯನಗರದ ಅಧಿಕಾರಿಗಳು ಇದೇ ಕುಲ್ಲಾಯಿಯನ್ನು ಇಟ್ಟು ವೀರಭದ್ರಸ್ವಾಮಿಯ ಗುಡಿಯಲ್ಲಿ ಕೈಮುಗಿದು ನಿಂತಿರುವದನ್ನು ಇಂದಿಗೂ ನೋಡಬಹುದು. ಮನೆಗೆ ಹೋದ ಮೇಲೆ, ಪೂಜೆಗೆ ಕುಳಿತಾಗ ಅವರು ಮತ್ತೆ ಮಡಿಯ ಧೋತರವನ್ನೇ ಉಡುತ್ತಿದ್ದಿರಬೇಕು. ಸಭೆಗೊಂದು, ಮನೆಗೊಂದು ಉಡಿಗೆಯೆಂಬ ಪದ್ಧತಿಯು ಇಂಗ್ಲೀಷರಿಂದಲೇ ಬಂದುದಲ್ಲ. ಅರಸರು ಹೋದರು, ಅವರ ಟೊಪ್ಪಿಗೆಯೂ ಹೋಯಿತು. ಆದರೆ ಶಬ್ದವು ಸಾಯಲಿಲ್ಲ. ಕೂಸಿಗೆ ಗಾಳಿ ತಾಕದಂತೆ ತಾಯಂದಿರು ಹೊಲಿದು ತೊಡಿಸುವ ಕುಲಾವಿಯು ಹೆಸರಿನಿಂದ ಆ ಕುಲ್ಲಾಯಿಯೇ. ಕೃಷ್ಣದೇವರಾಯನ ತಲೆಯಿಂದ ಇಳಿದ ಟೊಪ್ಪಿಗೆಯು ತೊಟ್ಟಿಲಿನ ಕೂಸಿನ ತಲೆಯನ್ನೇರಿದೆ.

ಬಹಮನಿ, ಆದಿಲಶಾಹಿ ಸುಲ್ತಾನರ ಆಳಿಕೆಯಲ್ಲಿಯೂ ಆಮೇಲೆ ಮರಾಠರ ಕಾಲದಲ್ಲಿಯೂ ಉತ್ತರ ಕರ್ನಾಟಕದ ಉಡಿಗೆಯು ಬಹಳ ಮಾರ್ಪಟ್ಟಿತು. ರುಮಾಲು, ಶಾಲು, ಇಜಾರ, ಪಾಯಿಜಾಮ, ಕಿಸೆ ಇವೆಲ್ಲ ಪಾರಸಿ-ಅರಬಿಗಳ ಶಬ್ದಗಳೇ. ಹನ್ನೆರಡು ಕಸೆಗಳನ್ನು ಕಟ್ಟಿ ತೊಡುವ ಬಾರಾಬಂದಿಯು ಗೌಡ-ದೇಸಾಯರ ಮೈಯಲ್ಲಿ ಇಪ್ಪತ್ತನೆಯ ಶತಮಾನದವರೆಗೂ ಉಳಿದುಕೊಂಡಿತ್ತು. ಗುಂಡಿಗಳಿಲ್ಲದ ಕಾಲದ ಅಂಗಿಯದು. ‘ಬೊತ್ತಾಮು’ ಎಂಬ ಮಾತು ಪೋರ್ತುಗೀಜರಿಂದ ಬಂದುದೆಂಬುದನ್ನು ನೆನೆದರೆ ಇದು ಸ್ಪಷ್ಟವಾಗುವದು. ವಿರಕ್ತರು ತೊಡುವ ಕಾವಿಯ ಉದ್ದನೆಯ ಅಂಗಿಗೆ ಕಪನಿಯೆಂದು ಹೆಸರು. ಫಕೀರರ ‘ಕಫನಿ’ಯೇ ಇದು, ಅದರ ಮೂಲವು ಶವಕ್ಕೆ ಹೊದಿಸುವ ವಸ್ತ್ರವನ್ನು ಸೂಚಿಸುವ ‘ಕಫನ’ ಎಂಬ ಅರಬೀ ಶಬ್ದ. ಲೋಕಕ್ಕೆ ಸತ್ತವನ ಉಡಿಗೆಯೆಂದು ಅದನ್ನು ಮೊದಲು ತೊಟ್ಟವರ ಭಾವವಾಗಿರಬೇಕು. ಆ ಭಾವವು ವಿರಕ್ತರಿಗೂ ಸಲ್ಲತಕ್ಕುದೇ ಆದುದರಿಂದ ಶಬ್ದವು ಪರಮತದ್ದೆಂದು ಯಾರೂ ಅದನ್ನು ದೂರಮಾಡಲಿಲ್ಲ.

ಇನ್ನು ಹೆಂಗಸರ ಉಡಿಗೆ. ಹಳಗನ್ನಡದಲ್ಲಿ ‘ಸೀರೆ’ಯೆಂದರೆ ಬಟ್ಟೆಯೆಂದಷ್ಟೇ ಅರ್ಥ, ಗಂಡಸರೂ ಸೀರೆಯನ್ನೇ ಉಡುತ್ತಿದ್ದರು. ಅದು ಹೆಂಗಸರ ಉಡಿಗೆಗೆ ಮೀಸಲಾದುದು ಆಮೇಲಿನ ಮಾತು. ಉತ್ತರ ಕರ್ನಾಟಕದಲ್ಲಿ ಸೀರೆಯೆಂದೊಡನೆ ನೆನಪಾಗುವದು ಇಳಕಲ್ಲು. ಹುನಗುಂದದ ಸೀಮೆಯ ಈ ಊರಿನ ಮಗ್ಗಗಳ ವೈಶಿಷ್ಟ್ಯವು ಬಣ್ಣದಲ್ಲಿ ಇಲ್ಲ, ಅಂಚಿನಲ್ಲಿಯೂ ಇಲ್ಲ. ಒಡಲನ್ನೂ ಸೆರಗನ್ನೂ ಕೂಡಿಸುವ ಕೊಂಡಿಯಲ್ಲಿದೆ. ಒಡಲಿನ ಹಾಸು ನೂಲು ಬೇರೆ, ಸೆರಗಿನ ಹಾಸು ನೂಲು ಬೇರೆ. ಒಡಲಿಗೆ ಹತ್ತಿ, ಸೆರಗಿಗೆ ರೇಶಿಮೆ. ನೇಕಾರನ ಮನೆಯವರು ಒಡಲಿನ ಒಂದೊಂದು ಎಳೆಯನ್ನು ಸೆರಗಿನ ಒಂದೊಂದು ಎಳೆಯ ಕೊಂಡಿಯಲ್ಲಿ ಸಿಗಿಸಿ ಸಾವಿರಾರು ಎಳೆಗಳನ್ನು ಹೀಗೆ ಜೋಡಿಸುವರು. ಕಣ್ಣೂ ಬೆರಳೂ ಒಂದಾಗಿ ಕೆಲಸ ಮಾಡಿದರೇ ಇದು ಸಾಧ್ಯ. ಇದರಲ್ಲಿ ಹೆಚ್ಚಿನ ಪಾಲು ಮನೆಯ ಹೆಂಗಸರದು. ಕೂಲಿಯ ಲೆಕ್ಕದಲ್ಲಿ ಮಾತ್ರ ನೆಯ್ದವನ ಹೆಸರೇ ಇರುವದು.

ಹೀಗೆ ಕೂಡಿಸಿದ ಸೆರಗಿಗೆ ಟೋಪ ತೆನೆಯ ಸೆರಗೆಂದು ಹೆಸರು. ಮೂರು ಪಟ್ಟಿ ಕೆಂಪು, ನಡುವೆ ಎರಡು ಪಟ್ಟಿ ಬಿಳಿಪು. ಅದರಲ್ಲಿ ಜೋಳದ ತೆನೆಯಂತೆ, ಕೋಟೆಯ ತೆನೆಯಂತೆ, ಹಣಿಗೆಯ ಹಲ್ಲಿನಂತೆ ಮೂಡಿಬರುವ ಆಕಾರಗಳು. ಹೊಲ, ಕೋಟೆ, ತಲೆ ಬಾಚುವ ಹಣಿಗೆ, ಹೀಗೆ ಹಳ್ಳಿಯ ಬಾಳುವೆಯೇ ಸೆರಗಿನಲ್ಲಿ ಬಂದು ಕುಳಿತಿದೆ. ಅಂಚುಗಳಿಗೆ ಗೋಮಿ, ಪರಾಸಪೇಟಿ, ಗಾಡಿ ಮುಂತಾದ ಹೆಸರುಗಳಿವೆ. ರೇಶಿಮೆಯು ತುಟ್ಟಿಯಾಗಿದ್ದುದರಿಂದ ಇಪ್ಪತ್ತನೆಯ ಶತಮಾನದಲ್ಲಿ ಕೃತಕ ರೇಶಿಮೆಯು ಸೆರಗನ್ನು ಸೇರಿತು. ಇದನ್ನು ಹಳಬರು ಹಳಿದರೂ, ರೇಶಿಮೆಯ ಸೆರಗನ್ನು ದೂರದಿಂದ ನೋಡಿಯಷ್ಟೇ ಗೊತ್ತಿದ್ದ ಕೂಲಿಯವಳ ಹೆಗಲಿಗೂ ಕೆಂಪು ಸೆರಗು ಬಂದುದು ಇದರಿಂದಲೇ ಎಂಬುದನ್ನು ಮರೆಯಲಾಗದು.

ಸೀರೆಗೆ ಇಳಕಲ್ಲಾದರೆ ಕುಪ್ಪಸಕ್ಕೆ ಗುಳೇದಗುಡ್ಡ. ಅಲ್ಲಿಯ ಮಗ್ಗದಲ್ಲಿ ನೆಯ್ದ, ಚಿಕ್ಕ ಚಿಕ್ಕ ಹೂಬುಟ್ಟಿಗಳ, ಎರಡೂ ಕಡೆಗೆ ಅಂಚುಳ್ಳ ತುಂಡು ಬಟ್ಟೆಯೇ ಖಣ. ಅಂಗಡಿಯವನು ಅದನ್ನು ಮೂರು ಮೂಲೆಯಾಗಿ ಮಡಿಸಿ ಇಡುವನು. ಖಣವು ಬಟ್ಟೆಯಾಗಿ ಉಳಿಯದೆ ಮಂಗಲದ್ರವ್ಯವೂ ಆಗಿದೆ. ಮದುವೆಯಲ್ಲಿ, ಬಸುರಿಯ ಕುಪ್ಪಸದಲ್ಲಿ, ಜಾತ್ರೆಯಲ್ಲಿ ದೇವಿಗೆ, ತವರಿನಿಂದ ಹೊರಟ ಮಗಳಿಗೆ ಖಣ, ತೆಂಗಿನಕಾಯಿ, ಅಕ್ಕಿಗಳಿಂದ ಉಡಿ ತುಂಬದೆ ಕಾರ್ಯವು ಮುಗಿಯದು. ಮಗ್ಗದ ಮಾಲುಗಳಲ್ಲಿ ಖಣವು ಇಷ್ಟು ಕಾಲ ಬಾಳಿದುದಕ್ಕೆ ಉಡಿ ತುಂಬುವ ಈ ಪದ್ಧತಿಯು ದೊಡ್ಡ ಆಸರೆ. ತೊಡುವದು ಕಡಿಮೆಯಾದ ಮೇಲೆಯೂ ಕೊಡುವದು ನಿಲ್ಲಲಿಲ್ಲ.

ಕಸೂತಿಯದು ಬಿಡುವಿನ ವೇಳೆಯ ಕಲೆ. ಧಾರವಾಡದ ಸುತ್ತಿನ ಸೀಮೆಯ ಹೆಂಗಸರು ಬಟ್ಟೆಯ ಮೇಲೆ ಗೆರೆಯನ್ನು ಬರೆದುಕೊಳ್ಳದೆ ಎಳೆಗಳನ್ನು ಎಣಿಸಿಯೇ ಸೂಜಿಯನ್ನು ಚುಚ್ಚುವರು. ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆಗಳಿವೆ. ಗವಂತಿಯಲ್ಲಿಯೂ ಮುರಗಿಯಲ್ಲಿಯೂ ಹೋದ ದಾರಿಯಲ್ಲಿಯೇ ಸೂಜಿಯು ಮರಳಿ ಬರುವದರಿಂದ ಬಟ್ಟೆಯ ಎರಡೂ ಮೈಗಳಲ್ಲಿ ಚಿತ್ರವು ಒಂದೇ ತೆರನಾಗಿ ಕಾಣುವದು. ಗಂಟು ಎಲ್ಲಿಯೂ ತೋರದು. ಗೋಪುರ, ತೇರು, ಆನೆ, ಪಲ್ಲಕ್ಕಿ, ವೃಂದಾವನ ಇವು ಹಳೆಯ ಚಿತ್ರಗಳು. ಮದುಮಗಳಿಗೆಂದು ಕಪ್ಪು ರೇಶಿಮೆಯ ಚಂದ್ರಕಾಳಿ ಸೀರೆಯ ಮೇಲೆ ಕಸೂತಿಯನ್ನು ಹಾಕಿಸುವದು ಅನುಕೂಲಸ್ಥರ ಮನೆಗಳಲ್ಲಿ ರೂಢಿಯಾಗಿತ್ತು. ಇದನ್ನು ಯಾವ ಶಾಲೆಯೂ ಕಲಿಸಲಿಲ್ಲ. ಅಜ್ಜಿಯ ಬೆರಳಿನಿಂದ ಮೊಮ್ಮಗಳ ಬೆರಳಿಗೆ ಬಂದಿತು. ಇಳಕಲ್ಲ ಸೀರೆಗೂ ಕಸೂತಿಗೂ ಸರಕಾರದ ಭೌಗೋಳಿಕ ಗುರುತು ಈಗ ದೊರೆತಿದೆ.

ಉಡುವ ರೀತಿಯೂ ಒಂದೊಂದು ಸಮಾಜಕ್ಕೆ ಒಂದೊಂದು. ೧೮೮೪ರಲ್ಲಿ ಹೊರಬಿದ್ದ ಮುಂಬಯಿ ಇಲಾಖೆಯ ಧಾರವಾಡ, ವಿಜಾಪುರ ಜಿಲ್ಲೆಗಳ ಗ್ಯಾಜೆಟಿಯರುಗಳಲ್ಲಿ ಜಾತಿ ಜಾತಿಯ ಉಡಿಗೆಯ ವರ್ಣನೆಯಿದೆ. ಬ್ರಾಹ್ಮಣ ಹೆಂಗಸರು ಉದ್ದನೆಯ ಸೀರೆಗೆ ಕಚ್ಚೆಯನ್ನು ಹಾಕುವರು; ಲಿಂಗವಂತ ಹೆಂಗಸರು ಕಚ್ಚೆಯಿಲ್ಲದೆ ಉಟ್ಟು ಸೆರಗನ್ನು ತಲೆಯ ಮೇಲೆ ಹೊದೆಯುವರು. ಅದಕ್ಕಾಗಿಯೇ ಹದಿನಾರು, ಹದಿನೆಂಟು ಮೊಳದ ಸೀರೆಗಳು ಬೇಕಾಗುತ್ತಿದ್ದವು. ಗಂಡಸರಿಗೆ ಧೋತರ, ಅಂಗಿ, ಹೆಗಲ ಮೇಲೆ ವಲ್ಲಿ, ತಲೆಗೆ ರುಮಾಲು ಇಲ್ಲವೆ ಪಟಕ. ಇದರೊಡನೆ ಲಿಂಗವಂತರ ಉಡಿಗೆಯಲ್ಲಿ ಎಣಿಸಲೇಬೇಕಾದ ಇನ್ನೊಂದು ಅಂಗವೆಂದರೆ ಶಿವದಾರ. ಇಷ್ಟಲಿಂಗವನ್ನು ಬಡವರು ಲಿಂಗವಸ್ತ್ರದಲ್ಲಿ ಕಟ್ಟಿಕೊಳ್ಳುವರು, ಉಳ್ಳವರು ಬೆಳ್ಳಿಯ ಚೌಕ ಇಲ್ಲವೆ ಗುಂಡಗಡಗಿಯಲ್ಲಿ ಧರಿಸುವರು; ಗಂಡಸು ಹೆಂಗಸೆಂಬ ಭೇದ ಇದಕ್ಕಿಲ್ಲ. ಉಡಿಗೆಯು ಎಷ್ಟು ಬದಲಾದರೂ ಅಂಗಿಯ ಒಳಗಿನ ಆ ದಾರವು ಬದಲಾಗಲಿಲ್ಲ.

ರುಮಾಲಿನ ವಿಷಯವನ್ನು ಬೇರೆಯಾಗಿ ಹೇಳಬೇಕು. ಬರಿದಲೆಯಲ್ಲಿ ಮನೆಯಿಂದ ಹೊರಗೆ ಹೊರಡುವದು ಸೂತಕದ ಚಿಹ್ನೆಯೆಂದೇ ಎಣಿಸುತ್ತಿದ್ದರು. ಸುತ್ತಿದ ರೀತಿಯಿಂದ ಊರು, ಉದ್ಯೋಗ, ಪಂಗಡಗಳನ್ನು ದೂರದಿಂದಲೇ ಗುರುತಿಸಬಹುದಾಗಿತ್ತು. ಮೈಸೂರಿನ ಜರಿಪೇಟವು ಅರಮನೆಯ ಗೌರವವಾಗಿ ಇಂದಿಗೂ ಸನ್ಮಾನಗಳಲ್ಲಿ ಉಳಿದಿದೆ. ಕೊಡವರ ಕುಪ್ಪಸ, ಕೆಂಪು ಚೇಲೆ, ಹೆಂಗಸರ ಬೆನ್ನ ಹಿಂದಿನ ನಿರಿಗೆಗಳು ಅವರ ನಾಡಿಗೇ ವಿಶೇಷ. ಮಲೆನಾಡಿನ ಮಳೆಗೆ ಗೊರಬು, ಬಯಲುಸೀಮೆಯ ಮಳೆ-ಚಳಿಗಳೆರಡಕ್ಕೂ ಕುರುಬರ ಕರಿಯ ಕಂಬಳಿ. ಹೊದೆದರೆ ಹೊದಿಕೆ, ಕೊಪ್ಪೆ ಹಾಕಿದರೆ ಕೊಡೆ, ಹಾಸಿದರೆ ದೈವದ ಗದ್ದುಗೆಯಾಗುವ ಈ ಕಂಬಳಿಗೆ ಸರಿದೊರೆಯಾದ ಬಟ್ಟೆಯನ್ನು ಯಾವ ಗಿರಣಿಯೂ ಇನ್ನೂ ಕಂಡುಹಿಡಿದಿಲ್ಲ.

ಇಷ್ಟು ಕಾಲದ ವ್ಯವಸ್ಥೆಯು ಹತ್ತೊಂಬತ್ತನೆಯ ಶತಮಾನದಲ್ಲಿ ಬುಡದಿಂದ ಅಲುಗಾಡಿತು. ೧೮೦೦-೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನು ವಾರದ ಸಂತೆಯಲ್ಲಿ ಬ್ರಾಹ್ಮಣರನ್ನುಳಿದು ಎಲ್ಲ ಜಾತಿಯ ಹೆಂಗಸರೂ ಹತ್ತಿಯನ್ನು ಕೊಂಡು ಒಯ್ದು ನೂಲುತ್ತಿದ್ದುದನ್ನು ಕಂಡು ಬರೆದಿದ್ದಾನೆ. ಆಗ ಬಟ್ಟೆಯೆಂಬುದು ಮನೆಯ ಜಗುಲಿಯಿಂದ ಆರಂಭವಾಗುತ್ತಿದ್ದಿತು. ಮುಂದೆ ಇಂಗ್ಲಂಡದ ಗಿರಣಿಯ ನೂಲು ಅಗ್ಗವಾಗಿ ಬಂದು ಆ ಜಗುಲಿಯ ರಾಟೆಯನ್ನು ನಿಲ್ಲಿಸಿತು. ಧಾರವಾಡದ ಎರೆಹೊಲಗಳಲ್ಲಿ ೧೮೪೦ರ ದಶಕದಿಂದ ಅಮೇರಿಕೆಯ ಹತ್ತಿಯ ಬೀಜವನ್ನು ಬಿತ್ತಿಸಿದರು. ಊರ ಹತ್ತಿಯು ಕುಮಟೆಯ ಬಂದರಿನಿಂದ ಹಡಗು ಹತ್ತುತ್ತಿದ್ದುದರಿಂದ ಪೇಟೆಯಲ್ಲಿ ‘ಕುಮಟಾ ಹತ್ತಿ’ಯೆಂದೇ ಹೆಸರಾಯಿತು. ೧೮೬೧ರಿಂದ ೧೮೬೫ರ ವರೆಗೆ ಅಮೇರಿಕೆಯಲ್ಲಿ ಒಳಯುದ್ಧ ನಡೆದಾಗ ಹತ್ತಿಯ ಬೆಲೆಯು ಗಗನಕ್ಕೇರಿತು, ಯುದ್ಧವು ಮುಗಿದೊಡನೆ ನೆಲಕ್ಕೆ ಬಿತ್ತು. ಹತ್ತಿಯನ್ನು ಬೆಳೆದ ಒಕ್ಕಲಿಗನು ಅದೇ ಹತ್ತಿಯಿಂದ ಪರದೇಶದಲ್ಲಿ ಆದ ಬಟ್ಟೆಯನ್ನು ಸಂತೆಯಲ್ಲಿ ಕೊಳ್ಳುವ ವಿಚಿತ್ರವು ಆ ಕಾಲದ್ದು. ೧೮೮೦ರ ದಶಕದಲ್ಲಿ ಗೋಕಾಕದ ಜಲಪಾತದ ಬಳಿಯಲ್ಲಿಯೂ ಬೆಂಗಳೂರಿನಲ್ಲಿಯೂ ಗಿರಣಿಗಳು ಎದ್ದವು. ೧೮೯೭ರಲ್ಲಿ ಜರ್ಮನಿಯ ಕಾರಖಾನೆಯ ಕೃತಕ ನೀಲಿಯು ಪೇಟೆಗೆ ಬಂದ ಮೇಲೆ ನೀಲಿಯ ಗುಡಾಣಗಳೂ ಬರಿದಾದವು. ಮಡ್ಡಿಬೇರಿನ ಕೆಂಪು ಅದಕ್ಕೂ ಮೊದಲೇ ಹಿಂದೆ ಸರಿದಿತ್ತು.

ಗಿರಣಿಯ ಬಟ್ಟೆಯ ಬೆನ್ನಿಗೆ ಹೊಲಿಗೆಯ ಯಂತ್ರವು ಬಂದಿತು. ಕಚೇರಿಯ ಕಾರಕೂನರು ಧೋತರದ ಮೇಲೆ ಮುಚ್ಚುಗೊರಳಿನ ಕೋಟು, ಅದರ ಮೇಲೆ ರುಮಾಲು ಎಂಬ ಹೊಸ ಕೂಡಿಕೆಯನ್ನು ರೂಢಿಗೆ ತಂದರು. ಸೊಂಟದ ಕೆಳಗೆ ಕನ್ನಡ, ಸೊಂಟದ ಮೇಲೆ ಇಂಗ್ಲಂಡ, ತಲೆಯ ಮೇಲೆ ಮತ್ತೆ ಕನ್ನಡ! ಹೆಂಗಸರಲ್ಲಿ ಪರಕಾರ, ತೋಳುದ್ದದ ಜಾಕೀಟುಗಳು ಬಂದು ಹೊಸ ರೀತಿಯ ಐದು ವಾರ, ಆರು ವಾರದ ಸೀರೆಯು ಪೇಟೆಯ ಮನೆಗಳನ್ನು ಸೇರಿತು. ಕಟ್ಟುವ ಕುಪ್ಪಸವು ಹಳ್ಳಿಯ ಮುದುಕಿಯರಿಗೆ ಮೀಸಲಾಯಿತು.

ಸ್ವದೇಶೀ ಚಳವಳಿಯು ಉಡಿಗೆಯನ್ನೇ ಒಂದು ವ್ರತವನ್ನಾಗಿ ಮಾಡಿತು. ಮಹಾತ್ಮಾ ಗಾಂಧಿಯವರು ೧೯೨೧ರ ಸಪ್ಟಂಬರದಲ್ಲಿ ಮಧುರೆಯಲ್ಲಿ ಅಂಗಿ-ಟೊಪ್ಪಿಗೆಗಳನ್ನು ಬಿಟ್ಟು ತುಂಡು ಪಂಚೆಯನ್ನು ಉಟ್ಟರು; ನಾಲ್ಕು ನೂರು ವರ್ಷಗಳ ಹಿಂದೆ ವಾರ್ಥೇಮನು ವಿಜಯನಗರದ ಬೀದಿಯಲ್ಲಿ ಕಂಡ ಬಡವನ ಉಡಿಗೆಯೇ ಅದು. ೧೯೨೪ರ ದಶಂಬರದಲ್ಲಿ ಅವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕೂಡಿದ ಕಾಂಗ್ರೆಸ್ಸು, ಸದಸ್ಯನಾಗಬೇಕಾದವನು ತಿಂಗಳಿಗೆ ೨೦೦೦ ಗಜ ನೂಲನ್ನು ಕೊಡಬೇಕೆಂದು ಗೊತ್ತುಮಾಡಿತು. ಬುಕಾನನನು ಕಂಡ ಜಗುಲಿಯ ರಾಟೆಯು ಸಭಾಮಂಟಪಕ್ಕೆ ಬಂದು ಕುಳಿತಿತು. ಕರ್ನಾಟಕದ ಖಾದಿ ಭಗೀರಥರೆನಿಸಿದ ಗಂಗಾಧರರಾವ ದೇಶಪಾಂಡೆಯವರು ಬೆಳಗಾವಿ ಜಿಲ್ಲೆಯ ಹುದಲಿಯನ್ನು ಖಾದಿಯ ಕೇಂದ್ರವನ್ನಾಗಿ ಮಾಡಿದರು. ರುಮಾಲು ಇಳಿದು ಬಿಳಿಯ ಟೊಪ್ಪಿಗೆಯು ತಲೆಯನ್ನು ಏರಿದುದೂ ಇದೇ ಕಾಲಕ್ಕೆ. ಜಾತಿ-ಪಂಗಡಗಳನ್ನು ಸಾರುತ್ತಿದ್ದ ರುಮಾಲಿನ ಬದಲು ಎಲ್ಲರಿಗೂ ಒಂದೇ ತೆರನಾದ ಟೊಪ್ಪಿಗೆ. ಅದೂ ಕೆಲವೇ ದಶಕಗಳಲ್ಲಿ ತಲೆಯಿಂದ ಇಳಿಯಿತು. ಬರಿದಲೆಯು ಸೂತಕದ ಚಿಹ್ನೆಯಾಗಿ ಉಳಿಯಲಿಲ್ಲ.

ಸ್ವಾತಂತ್ರ್ಯವು ಬಂದ ಮೇಲೆ ೧೯೫೪ರಲ್ಲಿ ಧಾರವಾಡದ ಬಳಿಯ ಗರಗದಲ್ಲಿ ಖಾದಿಯ ಸೇವಾಸಂಘವು ಸ್ಥಾಪನೆಯಾಗಿ ರಾಷ್ಟ್ರಧ್ವಜದ ಬಟ್ಟೆಯನ್ನು ನೆಯ್ಯಿಸಿತು. ೧೯೫೭ರಲ್ಲಿ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಸ್ಥಾಪಿತವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಆಮೇಲೆ ಧ್ವಜಗಳನ್ನು ಹೊಲಿದು ದೇಶಕ್ಕೆಲ್ಲ ಒದಗಿಸತೊಡಗಿತು. ಬಾಗಲಕೋಟೆಯ ಬಳಿಯ ತುಳಸಿಗೇರಿಯ ಮಗ್ಗಗಳಿಂದ ಅದಕ್ಕೆ ಬಟ್ಟೆ ಬರುತ್ತಿತ್ತು. ನೂಲುವವರಲ್ಲಿಯೂ ಹೊಲಿಯುವವರಲ್ಲಿಯೂ ಹೆಂಗಸರೇ ಹೆಚ್ಚು. ಇತ್ತ ಇಳಕಲ್ಲು, ಗುಳೇದಗುಡ್ಡಗಳಲ್ಲಿ ವಿದ್ಯುತ್ತಿನ ಮಗ್ಗಗಳು ಅದೇ ಅಂಚು, ಅದೇ ಸೆರಗಿನ ನಕಲನ್ನು ಅರ್ಧ ಬೆಲೆಗೆ ಇಳಿಸತೊಡಗಿದವು. ಕೆಲವು ಮಾಲುಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯಿದೆಯು ೧೯೮೫ರಲ್ಲಿ ಆಯಿತು. ಆದರೆ ಕೊಂಡಿಯ ಸೆರಗಿಗೂ ಯಂತ್ರದ ಸೆರಗಿಗೂ ಇರುವ ಭೇದವು ಕೊಳ್ಳುವವರ ಕಣ್ಣಿಗೆ ಕಾಣದಿದ್ದ ಮೇಲೆ ಕಾಯಿದೆಯು ಒಂದರಿಂದಲೇ ಮಗ್ಗವು ನಡೆಯುವಂತಿರಲಿಲ್ಲ. ನೇಕಾರರ ಮಕ್ಕಳು ಬೇರೆ ಉದ್ಯೋಗಗಳನ್ನು ಹುಡುಕಿಕೊಂಡು ಹೋದರು.

ಧ್ವಜವು ಕೈಯಿಂದ ನೂತು ಕೈಯಿಂದ ನೆಯ್ದ ಬಟ್ಟೆಯದೇ ಆಗಿರಬೇಕೆಂಬ ನಿಯಮವಿದ್ದಷ್ಟು ಕಾಲ ಗರಗ, ಬೆಂಗೇರಿ, ತುಳಸಿಗೇರಿಗಳಿಗೆ ಒಂದು ಆಸರೆಯಿತ್ತು. ೨೦೨೧ರ ದಶಂಬರದಲ್ಲಿ ಕೇಂದ್ರ ಸರಕಾರವು ಆ ನಿಯಮವನ್ನು ತಿದ್ದಿ ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಬಟ್ಟೆಗೂ ಅವಕಾಶವನ್ನು ಕೊಟ್ಟಿತು. ಮರುವರ್ಷ ಮನೆಮನೆಯ ಮೇಲೆ ಧ್ವಜವು ಹಾರಿದಾಗ ಬೆಂಗೇರಿಯ ಸಂಘಕ್ಕೆ ಬರುವ ಬೇಡಿಕೆಯು ಹೆಚ್ಚುವದರ ಬದಲು ಕುಗ್ಗಿತು.